ಬಾತಿ ಅಂಗಡಿ ಮ್ಯಾಪ್‌ನಲ್ಲಿ ತಪ್ಪಿದ್ದರೆ ತಿದ್ದೋದು ಹೇಗೆ? ಬ್ರೌಸರ್ ಸಾಕಾ, ಸಾಫ್ಟ್‌ವೇರ್ ಹಾಕ್ಬೇಕಾ?

ಬಾತಿ (ದಾವಣಗೆರೆ): ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೆ ಪಿ.ಬಿ. ರಸ್ತೆಯಲ್ಲಿ 'ಬಾತಿ' ಅಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತೆ: 'ಯಾವ ಬಾತಿ? ಹಳೇಬಾತಿನಾ, ದೊಡ್ಡಬಾತಿನಾ?' ಊರವರಿಗೆ ಇದರಲ್ಲಿ ಗೊಂದಲ ಇಲ್ಲ. ಕೆರೆ ಯಾವ ಕಡೆ, ಗುಡ್ಡ ಯಾವ ಕಡೆ ಅಂತ ಕಣ್ಣು ಮುಚ್ಚಿ ಹೇಳ್ತಾರೆ. ಆದರೆ ಪಾರ್ಸೆಲ್ ತರುವ ಹುಡುಗ, ಬೇರೆ ಜಿಲ್ಲೆಯಿಂದ ಲೋಡ್ ತರುವ ಲಾರಿ ಡ್ರೈವರ್, ರಾತ್ರಿ ಹೊತ್ತಲ್ಲಿ ರೋಗಿಯನ್ನು ಕರೆದೊಯ್ಯಲು ಬರುವ ವಾಹನದವರು ಈಗ ಯಾರನ್ನೂ ಕೇಳೋದಿಲ್ಲ. ಮೊಬೈಲ್ ನೋಡ್ತಾರೆ. ಮೊಬೈಲ್‌ನಲ್ಲಿ ಇರುವ ನಕ್ಷೆಗೆ ಹಳೇಬಾತಿ, ದೊಡ್ಡಬಾತಿ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಗಾಡಿ ಹೋಗಿ ನಿಲ್ಲೋದು ಬೇರೆಯವರ ಮನೆ ಮುಂದೆ.

ಈ ತಪ್ಪು ತಿದ್ದೋಕೆ ಯಾವ ಕಚೇರಿಗೂ ಅರ್ಜಿ ಹಾಕಬೇಕಾಗಿಲ್ಲ, ದುಡ್ಡೂ ಕೊಡಬೇಕಾಗಿಲ್ಲ. ಜನರೇ ಬರೆದು ಜನರೇ ತಿದ್ದುವ 'ಓಪನ್‌ಸ್ಟ್ರೀಟ್‌ಮ್ಯಾಪ್' ಅನ್ನೋ ಮುಕ್ತ ನಕ್ಷೆ ಇದೆ. ಆದರೆ ತಿದ್ದಲು ಕೂತವರಿಗೆ ಮೊದಲು ಎದುರಾಗೋ ಪ್ರಶ್ನೆ ಒಂದೇ: ಬ್ರೌಸರ್‌ನಲ್ಲೇ ತೆರೆದು ತಿದ್ದಬೇಕಾ, ಇಲ್ಲಾ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಕೊಳ್ಳಬೇಕಾ? ಎರಡಕ್ಕೂ ಅದರದೇ ಆದ ಲಾಭ, ತೊಂದರೆ ಇವೆ.

ಏನಿದು ಮುಕ್ತ ನಕ್ಷೆ?

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ಶುರು ಮಾಡಿದವರು ಸ್ಟೀವ್ ಕೋಸ್ಟ್. ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಲೇಖನ ತಿದ್ದುವ ಹಾಗೆ ಇಲ್ಲಿ ಖಾತೆ ತೆರೆದ ಯಾರು ಬೇಕಾದರೂ ರಸ್ತೆ, ಅಂಗಡಿ, ಶಾಲೆ, ದೇವಸ್ಥಾನ, ಕೆರೆ ಸೇರಿಸಬಹುದು. ಅಮೆಜಾನ್, ಮೆಟಾ, ಮೈಕ್ರೋಸಾಫ್ಟ್‌ನಂಥ ದೊಡ್ಡ ಕಂಪನಿಗಳೂ ಈ ಮಾಹಿತಿಯನ್ನು ಬಳಸುತ್ತವೆ. ಇಂಟರ್ನೆಟ್ ಇಲ್ಲದೆಯೂ ದಾರಿ ತೋರಿಸುವ ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆಂಡ್ ಆ್ಯಪ್‌ಗಳು ನಡೆಯೋದೇ ಇದರ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿ ತಿದ್ದಿದ್ದು ಗೂಗಲ್ ಮ್ಯಾಪ್‌ನಲ್ಲಿ ತಾನಾಗೇ ಬದಲಾಗಲ್ಲ. ಅದು ಬೇರೆ ನಕ್ಷೆ, ಬೇರೆ ಕಂಪನಿ. ಅಂಗಡಿಯವರು ಗೂಗಲ್‌ನಲ್ಲೂ ತಮ್ಮ ವಿವರ ಸರಿ ಮಾಡಿಸಿಕೊಳ್ಳಬೇಕು, ಇಲ್ಲೂ ಹಾಕಬೇಕು.

ಹಾಗಾದರೆ ಎರಡೆರಡು ಕೆಲಸ ಯಾಕೆ? ಗೂಗಲ್ ಕಂಪನಿಯೇ 2008ರಲ್ಲಿ 'ಮ್ಯಾಪ್ ಮೇಕರ್' ಅಂತ ಒಂದು ಸೌಲಭ್ಯ ತಂದಿತ್ತು. ನಮ್ಮ ದೇಶದಲ್ಲೂ ಬಹಳ ಜನ ಅದರಲ್ಲಿ ಕೂತು ತಮ್ಮೂರಿನ ರಸ್ತೆ, ಅಂಗಡಿ ಗುರುತು ಹಾಕಿದರು. 2017ರ ಮಾರ್ಚ್‌ನಲ್ಲಿ ಅದು ಮುಚ್ಚಿತು. ಜನ ಹಾಕಿದ ಮಾಹಿತಿ ಕಂಪನಿಯ ನಕ್ಷೆಯಲ್ಲೇ ಉಳೀತು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಾಗಲ್ಲ. ಇಡೀ ಪ್ರಪಂಚದ ಮಾಹಿತಿಯನ್ನು ಯಾರು ಬೇಕಾದರೂ ಪೂರ್ತಿ ಇಳಿಸಿಕೊಳ್ಳಬಹುದು. 'ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು' ಅಂತ ಹೆಸರು ಹಾಕಿ, ಲೈಸೆನ್ಸ್ ನಿಯಮ ಪಾಲಿಸಿದರೆ ವ್ಯಾಪಾರಕ್ಕೂ ಬಳಸಬಹುದು. ಊರಿನ ಕೆಲಸ ಊರಿಗೇ ಉಳಿಯುತ್ತೆ.

ಬ್ರೌಸರ್ ದಾರಿ: ಐಡಿ ಎಡಿಟರ್

ಓಪನ್‌ಸ್ಟ್ರೀಟ್‌ಮ್ಯಾಪ್ ಡಾಟ್ ಆರ್ಗ್ ತಾಣಕ್ಕೆ ಹೋಗಿ, ಲಾಗಿನ್ ಆಗಿ, ಊರು ಹುಡುಕಿ 'ಎಡಿಟ್' ಒತ್ತಿದರೆ ತೆರೆದುಕೊಳ್ಳೋದೇ 'ಐಡಿ' ಅನ್ನೋ ಎಡಿಟರ್. ಇದು 2013ರಲ್ಲಿ ಬಂದಿದ್ದು. ಹಿಂದೆ ಉಪಗ್ರಹ ಚಿತ್ರ, ಅದರ ಮೇಲೆ ಈಗಾಗಲೇ ಬರೆದಿರುವ ರಸ್ತೆ, ಕಟ್ಟಡ ಕಾಣುತ್ತೆ. ಮೇಲ್ಗಡೆ ಮೂರು ಬಟನ್: ಚುಕ್ಕಿ, ಗೆರೆ, ಜಾಗ. ಅಂಗಡಿಗೆ ಚುಕ್ಕಿ, ರಸ್ತೆಗೆ ಗೆರೆ, ಕೆರೆ ಅಥವಾ ಕಟ್ಟಡಕ್ಕೆ ಜಾಗ.

ಪಿ.ಬಿ. ರಸ್ತೆ ಪಕ್ಕ ಒಂದು ಹಾರ್ಡ್‌ವೇರ್ ಅಂಗಡಿ ಇದೆ, ನಕ್ಷೆಯಲ್ಲಿ ಇಲ್ಲ ಅಂತಿಟ್ಟುಕೊಳ್ಳೋಣ. ಚುಕ್ಕಿ ಬಟನ್ ಒತ್ತಿ, ಅಂಗಡಿ ಇರೋ ಜಾಗದ ಮೇಲೆ ಕ್ಲಿಕ್ ಮಾಡಿ, ಪಟ್ಟಿಯಲ್ಲಿ ಹಾರ್ಡ್‌ವೇರ್ ಅಂಗಡಿ ಆರಿಸಿದರೆ ಹೆಸರು, ಫೋನ್, ತೆರೆದಿರುವ ಸಮಯದ ಕಾಲಂಗಳು ಬರುತ್ತವೆ. ಹೆಸರಿನ ಪಕ್ಕದ ಪ್ಲಸ್ ಗುರುತು ಒತ್ತಿದರೆ ಕನ್ನಡದ ಹೆಸರನ್ನು ಬೇರೆಯಾಗಿ ಹಾಕಬಹುದು. ಕೊನೆಗೆ ಏನು ಮಾಡಿದ್ದು ಅಂತ ಒಂದು ಸಾಲು ಬರೆದು ಅಪ್‌ಲೋಡ್. ರೂಢಿ ಆದವರಿಗೆ ಹತ್ತು ನಿಮಿಷದ ಕೆಲಸ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ತಾಣದ ನಕ್ಷೆಯಲ್ಲಿ ಕಾಣುತ್ತೆ. ಆ್ಯಪ್‌ಗಳಲ್ಲಿ ಕಾಣಬೇಕಾದರೆ ಅವು ತಮ್ಮ ನಕ್ಷೆ ಅಪ್‌ಡೇಟ್ ಮಾಡುವ ತನಕ ಕಾಯಬೇಕು.

ಈ ದಾರಿಯ ಲಾಭ ಸ್ಪಷ್ಟ. ಇನ್‌ಸ್ಟಾಲ್ ಮಾಡೋ ತಾಪತ್ರಯ ಇಲ್ಲ. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್, ಮಗಳ ಲ್ಯಾಪ್‌ಟಾಪ್, ಸೈಬರ್ ಸೆಂಟರ್, ಯಾವುದರಲ್ಲಾದರೂ ನಡೆಯುತ್ತೆ. ಹೊಸ ವರ್ಷನ್ ತಾನಾಗೇ ಬರುತ್ತೆ. ಹೊಸಬರಿಗೆ ಕೈ ಹಿಡಿದು ಕಲಿಸೋ ಪಾಠವೂ ಒಳಗೇ ಇದೆ. ಕಳಿಸುವಾಗ 'ನನ್ನ ಬದಲಾವಣೆಯನ್ನು ಯಾರಾದರೂ ಪರಿಶೀಲಿಸಲಿ' ಅನ್ನೋ ಅರ್ಥದ ಒಂದು ಚೌಕ ಇರುತ್ತೆ. ಅದಕ್ಕೆ ಟಿಕ್ ಹಾಕಿದರೆ ಅನುಭವಸ್ಥರ ಕಣ್ಣಿಗೆ ಬೀಳುತ್ತೆ.

ತೊಂದರೆಯೂ ಇದೆ. ನೆಟ್ ಹೋದರೆ ಉಪಗ್ರಹ ಚಿತ್ರ ಬರಲ್ಲ, ಅಪ್‌ಲೋಡ್ ಆಗಲ್ಲ. ಮಧ್ಯೆ ಕರೆಂಟ್ ಹೋದರೆ ಅರ್ಧ ಮಾಡಿದ ಕೆಲಸವನ್ನು ಅದೇ ಬ್ರೌಸರ್ ನೆನಪಿಟ್ಟುಕೊಂಡು ಮುಂದಿನ ಸಲ ವಾಪಸ್ ಕೊಡುತ್ತೆ ನಿಜ. ಆದರೆ ಬ್ರೌಸರ್‌ನ ಡೇಟಾ ಅಳಿಸಿಬಿಟ್ಟರೆ, ಇಲ್ಲಾ ಬೇರೆ ಕಂಪ್ಯೂಟರ್‌ಗೆ ಹೋದರೆ ಆ ಕೆಲಸ ಇಲ್ಲ. ಸೈಬರ್‌ನಲ್ಲಿ ಕೂತವರು ಎದ್ದು ಬರುವ ಮುಂಚೆ ಅಪ್‌ಲೋಡ್ ಮಾಡಿ, ಲಾಗೌಟ್ ಆಗೋದು ಮರೀಬಾರದು.

ಇನ್‌ಸ್ಟಾಲ್ ಮಾಡುವ ದಾರಿ: ಜೋಸಂ

ಎರಡನೇ ದಾರಿ 'ಜೋಸಂ'. ಜಾವಾ ಭಾಷೆಯಲ್ಲಿ ಬರೆದ ಓಪನ್‌ಸ್ಟ್ರೀಟ್‌ಮ್ಯಾಪ್ ಎಡಿಟರ್ ಅನ್ನೋ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದ ಹೆಸರು ಇದು. ಇದರ ಕೆಲಸ 2005ರಲ್ಲೇ ಶುರುವಾಗಿತ್ತು, ಅಂದರೆ ಐಡಿಗಿಂತ ಹಳೇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ. ಪೂರ್ತಿ ಉಚಿತ.

ಜೋಸಂ ಕೆಲಸ ಮಾಡೋ ಕ್ರಮವೇ ಬೇರೆ. ಮೊದಲು ಬೇಕಾದ ಪ್ರದೇಶದ ಮಾಹಿತಿಯನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಬೇಕು. ಆಮೇಲೆ ನೆಟ್ ಇಲ್ಲದಿದ್ದರೂ ಕೂತು ತಿದ್ದಬಹುದು, ಫೈಲ್ ಆಗಿ ಉಳಿಸಿ ನಾಳೆ ಮುಂದುವರಿಸಬಹುದು. ಎಲ್ಲ ಮುಗಿದ ಮೇಲೆ ನೆಟ್ ಹಾಕಿ ಒಟ್ಟಿಗೆ ಕಳಿಸೋದು. ಸಂತೆಗೆ ಹೋಗಿ ವಾರದ ಸಾಮಾನು ಒಂದೇ ಸಲ ತಂದಂಗೆ.

ಒಂದೇ ಸಲಕ್ಕೆ ಎಷ್ಟು ಬೇಕಾದರೂ ಇಳಿಸೋಕೆ ಆಗಲ್ಲ. ಸರ್ವರ್‌ನಿಂದ ಒಂದು ಬಾರಿಗೆ ಕಾಲು ಚದರ ಡಿಗ್ರಿಗಿಂತ ಹೆಚ್ಚು ಜಾಗ ಬರಲ್ಲ. ನಮ್ಮ ಭಾಗದ ಲೆಕ್ಕದಲ್ಲಿ ಅದು ಸುಮಾರು 55 ಕಿ.ಮೀ. ಉದ್ದ, 54 ಕಿ.ಮೀ. ಅಗಲದ ಚೌಕ. ಜೊತೆಗೆ 50,000 ಬಿಂದುಗಳ ಮಿತಿ ಬೇರೆ ಇದೆ. ಹಾಗಾಗಿ ದಾವಣಗೆರೆ ನಗರ, ಹರಿಹರ ಎರಡನ್ನೂ ಒಟ್ಟಿಗೆ ಕೇಳೋ ಬದಲು ಎರಡು ಬಾತಿಯ ಸುತ್ತಮುತ್ತ ಮಾತ್ರ ಇಳಿಸಿಕೊಂಡರೆ ಕೆಲಸ ಸಲೀಸು.

ಜೋಸಂನ ದೊಡ್ಡ ಶಕ್ತಿ ಅದರ ತಪಾಸಣೆ. ರಸ್ತೆಗಳ ವಿಷಯದಲ್ಲಿ ಇದು ಬಹಳ ಮುಖ್ಯ. ಎರಡು ರಸ್ತೆ ಕಣ್ಣಿಗೆ ಕೂಡಿದಂಗೆ ಕಂಡರೆ ಸಾಲದು. ಎರಡೂ ಗೆರೆಗಳಿಗೆ ಒಂದೇ ಬಿಂದು ಇದ್ದರೆ ಮಾತ್ರ ಕಂಪ್ಯೂಟರ್ ಲೆಕ್ಕದಲ್ಲಿ ಅವು ಸೇರಿದವು. ಒಂದು ಅಡಿ ಅಂತರ ಉಳಿದರೂ ಆ್ಯಪ್ ಆ ದಾರಿ ಇಲ್ಲ ಅಂತಲೇ ತಿಳಿದು ಗಾಡಿಯನ್ನು ಸುತ್ತು ಹಾಕಿಸುತ್ತೆ. ಡಿವೈಡರ್ ಇರುವ ಹೆದ್ದಾರಿ, ಸರ್ವಿಸ್ ರಸ್ತೆಗಳಲ್ಲಿ ಒನ್‌ವೇ ದಿಕ್ಕು ಉಲ್ಟಾ ಆಗಿದ್ದರಂತೂ ಅಪಾಯ. ಐಡಿ ಕೂಡ ಇಂಥ ಕೆಲವು ತಪ್ಪುಗಳನ್ನು ಎಚ್ಚರಿಸುತ್ತೆ. ಆದರೆ ಒಂದಿಡೀ ಊರಿನ ರಸ್ತೆಗಳನ್ನು ಒಟ್ಟಿಗೆ ಸೋಸಿ ನೋಡೋಕೆ ಜೋಸಂನ ತಪಾಸಣೆಯೇ ಗಟ್ಟಿ.

ಇದರ ತೊಂದರೆ ಎರಡು. ಮೊದಲನೆಯದು, ಕಲಿಯೋಕೆ ಟೈಮ್ ಬೇಕು. ಮೊದಲ ದಿನ ತೆರೆದವರಿಗೆ ಬಟನ್‌ಗಳ ರಾಶಿ ನೋಡಿ ಗಾಬರಿ ಆಗೋದು ಸಹಜ. ಎರಡನೆಯದು, ಇಳಿಸಿಕೊಂಡ ಮಾಹಿತಿ ಹಳತಾಗುತ್ತೆ. ಸೋಮವಾರ ಇಳಿಸಿಕೊಂಡು ಶನಿವಾರ ಅಪ್‌ಲೋಡ್ ಮಾಡಿದರೆ ಮಧ್ಯದಲ್ಲಿ ಬೇರೆ ಯಾರೋ ಅದೇ ರಸ್ತೆ ತಿದ್ದಿರಬಹುದು. ಆಗ ಯಾರದು ಉಳಿಸಬೇಕು, ಯಾರದು ಬಿಡಬೇಕು ಅಂತ ಸಾಫ್ಟ್‌ವೇರ್ ಕೇಳುತ್ತೆ. ಗೊತ್ತಿಲ್ಲದೆ 'ನನ್ನದೇ ಸರಿ' ಅಂತ ಒತ್ತಿದರೆ ಇನ್ನೊಬ್ಬರ ಶ್ರಮ ಹಾಳು. ಹಾಗಾಗಿ ದಿನದ ಕೆಲಸ ದಿನಕ್ಕೇ ಕಳಿಸೋದು ಒಳ್ಳೇದು.

ಬ್ರೌಸರ್ ಕೈ ಬಿಟ್ಟ ಕಥೆ

ಬ್ರೌಸರ್ ದಾರಿಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅವಲಂಬನೆ ಇದೆ. ಐಡಿ ಬರುವ ಮುಂಚೆ ಓಪನ್‌ಸ್ಟ್ರೀಟ್‌ಮ್ಯಾಪ್ ತಾಣದಲ್ಲಿ 'ಪಾಟ್‌ಲ್ಯಾಚ್' ಅನ್ನೋ ಎಡಿಟರ್ ಇತ್ತು. ಅದು ನಡೀತಿದ್ದದ್ದು ಫ್ಲ್ಯಾಶ್ ತಂತ್ರಜ್ಞಾನದ ಮೇಲೆ. 2020ರ ಕೊನೆಗೆ ಫ್ಲ್ಯಾಶ್ ನಿಂತಿತು, ಬ್ರೌಸರ್‌ಗಳು ಅದನ್ನು ತೆಗೆದುಹಾಕಿದವು. ಆಗ ಪಾಟ್‌ಲ್ಯಾಚ್ ಏನಾಯ್ತು? ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಮಾಡಿಕೊಳ್ಳೋ ಸಾಫ್ಟ್‌ವೇರ್ ಆಗಿ ಬದಲಾಯ್ತು. ಆದರೆ ಅದರಲ್ಲಿ ತಿದ್ದಿದ್ದ ರಸ್ತೆ, ಊರುಗಳಿಗೆ ಏನೂ ಆಗಲಿಲ್ಲ. ಎಡಿಟರ್ ಬರುತ್ತೆ, ಹೋಗುತ್ತೆ. ಮಾಹಿತಿ ಮುಕ್ತವಾಗಿ ಬೇರೆ ಕಡೆ ಇರೋದರಿಂದ ನಕ್ಷೆ ಉಳಿಯುತ್ತೆ.

ಸ್ವಂತ ನಕ್ಷೆ ಬೇಕಾದವರಿಗೆ

ಇಲ್ಲಿವರೆಗೆ ಹೇಳಿದ್ದು ಎಲ್ಲರಿಗೂ ಕಾಣುವ ನಕ್ಷೆ ತಿದ್ದೋದು. ಕೆಲವರಿಗೆ ಬೇಕಾಗೋದು ತಮ್ಮದೇ ನಕ್ಷೆ. ನೀರಿನ ಕ್ಯಾನ್ ಹಾಕುವವರಿಗೆ ಯಾವ ಬೀದಿಯಲ್ಲಿ ಎಷ್ಟು ಮನೆ ಅಂತ ಬೇಕು. ಜಾತ್ರೆ ಸಮಿತಿಗೆ ಪಾರ್ಕಿಂಗ್, ಕುಡಿಯುವ ನೀರಿನ ಜಾಗ ತೋರಿಸಬೇಕು. ಇಲ್ಲೂ ಅದೇ ಎರಡು ದಾರಿ.

ಬ್ರೌಸರ್ ದಾರಿಗೆ 'ಯುಮ್ಯಾಪ್' ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ತಮಗೆ ಬೇಕಾದ ಗುರುತು ಹಾಕಿ ಲಿಂಕ್ ಕಳಿಸಿದರೆ ಸಾಕು, ವಾಟ್ಸ್‌ಆ್ಯಪ್ ಗ್ರೂಪಿನವರೆಲ್ಲ ನೋಡಬಹುದು. ಜಾತ್ರೆ, ಮದುವೆ, ಆರೋಗ್ಯ ಶಿಬಿರಕ್ಕೆ ಇದು ಹೇಳಿಮಾಡಿಸಿದ್ದು.

ಇನ್‌ಸ್ಟಾಲ್ ಮಾಡುವ ದಾರಿಗೆ 'ಕ್ಯೂಜಿಐಎಸ್'. 2002ರಲ್ಲಿ ಗ್ಯಾರಿ ಶರ್ಮನ್ ಶುರು ಮಾಡಿದ ಈ ಮುಕ್ತ ತಂತ್ರಾಂಶವನ್ನು ಇವತ್ತು ಸರ್ಕಾರಿ ಇಲಾಖೆಗಳು, ವಿಶ್ವವಿದ್ಯಾಲಯಗಳು ಪ್ರಪಂಚದ ಎಲ್ಲೆಡೆ ಬಳಸುತ್ತವೆ. ವಿಂಡೋಸ್‌ಗೆ ಇಳಿಸಿಕೊಳ್ಳುವ ಫೈಲೇ 1 ಜಿಬಿ ಆಸುಪಾಸು ಇರುತ್ತೆ, ಹಳೆ ಕಂಪ್ಯೂಟರ್ ಸ್ವಲ್ಪ ಏದುಸಿರು ಬಿಡುತ್ತೆ. ಆದರೆ ಎಕ್ಸೆಲ್ ಪಟ್ಟಿಯನ್ನು ನಕ್ಷೆ ಮೇಲೆ ಹರಡೋದು, ದೂರ, ವಿಸ್ತೀರ್ಣ ಲೆಕ್ಕ ಹಾಕೋದು, ಗೋಡೆಗೆ ಹಾಕುವ ದೊಡ್ಡ ಪ್ರಿಂಟ್ ತೆಗೆಯೋದು, ಇಂಥ ಕೆಲಸಕ್ಕೆ ಇದರ ಸಮ ಬ್ರೌಸರ್‌ನಲ್ಲಿ ಸಿಗೋದು ಕಷ್ಟ.

ಪಟ್ಟಿ ಹಾಕುವಾಗ ಹೊಸಬರು ಮಾಡೋ ಒಂದು ತಪ್ಪು ಇದೆ. ದಾವಣಗೆರೆ ಇರೋದು ಸುಮಾರು 14.46 ಅಕ್ಷಾಂಶ, 75.92 ರೇಖಾಂಶದಲ್ಲಿ. ಕ್ಯೂಜಿಐಎಸ್‌ನಲ್ಲಿ ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಇದು ಅದಲು ಬದಲಾದರೆ ಅಂಗಡಿ ಹೋಗಿ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಬೀಳುತ್ತೆ. ಗುರುತು ಎಲ್ಲೂ ಕಾಣ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಎರಡರಲ್ಲಿ ಯಾವುದು ಅಂತ ತೀರ್ಮಾನಿಸುವಾಗ ಸೌಕರ್ಯಕ್ಕಿಂತ ದೊಡ್ಡ ಪ್ರಶ್ನೆ, ಮಾಹಿತಿ ಎಲ್ಲಿ ಕೂರುತ್ತೆ ಅನ್ನೋದು. ಯುಮ್ಯಾಪ್‌ನಲ್ಲಿ ಹಾಕಿದ್ದು ಇನ್ನೊಬ್ಬರ ಸರ್ವರ್‌ನಲ್ಲಿ ಇರುತ್ತೆ. ಯಾರು ನೋಡಬಹುದು ಅನ್ನೋ ಸೆಟ್ಟಿಂಗ್ ಸರಿ ಮಾಡದಿದ್ದರೆ ಊರಿಗೆಲ್ಲ ಕಾಣುತ್ತೆ. ಜಾತ್ರೆ ಪಾರ್ಕಿಂಗ್ ಕಂಡರೆ ಒಳ್ಳೇದೇ. ಆದರೆ ಯಾರ ಮನೆಯಲ್ಲಿ ಎಷ್ಟು ಉದ್ರಿ ಬಾಕಿ, ಯಾರ ಮನೆಗೆ ಯಾವ ಮಾತ್ರೆ ಹೋಗುತ್ತೆ ಅನ್ನೋದು ಲಿಂಕ್ ಮೂಲಕ ಹರಿದಾಡಿದರೆ ಗಿರಾಕಿಯ ಮಾನ, ಅಂಗಡಿಯ ನಂಬಿಕೆ ಎರಡೂ ಹೋದವು. ಗಿರಾಕಿಗಳ ವಿವರ ಏನಿದ್ದರೂ ತಮ್ಮ ಕಂಪ್ಯೂಟರ್‌ನ ಕ್ಯೂಜಿಐಎಸ್‌ನಲ್ಲೇ ಇರಲಿ.

ಯಾವ ಕೆಲಸಕ್ಕೆ ಯಾವುದು?

- ಒಂದು ಅಂಗಡಿ ಸೇರಿಸೋದು, ಹೆಸರು ತಿದ್ದೋದು: ಬ್ರೌಸರ್‌ನ ಐಡಿ.
- ಇಡೀ ಊರಿನ ಬೀದಿ, ಹೊಲದ ದಾರಿ, ನಾಲೆ ಬರೆಯೋದು: ಜೋಸಂ.
- ನೆಟ್ ಸರಿ ಇಲ್ಲದ ಕಡೆ ಕೂತು ಮಾಡುವ ಕೆಲಸ: ಜೋಸಂ.
- ಎಲ್ಲರಿಗೂ ತೋರಿಸುವ ಜಾತ್ರೆ, ಶಿಬಿರದ ನಕ್ಷೆ: ಯುಮ್ಯಾಪ್.
- ಗಿರಾಕಿ ಪಟ್ಟಿ, ದೊಡ್ಡ ಪ್ರಿಂಟ್, ಲೆಕ್ಕಾಚಾರ: ಕ್ಯೂಜಿಐಎಸ್.
- ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ ಇದೆ: ಆಂಡ್ರಾಯ್ಡ್‌ನಲ್ಲಿ ಸ್ಟ್ರೀಟ್‌ಕಂಪ್ಲೀಟ್, ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಎವ್ರಿ ಡೋರ್. ಬೀದಿಯಲ್ಲಿ ನಡೆಯುತ್ತಲೇ ತುಂಬಬಹುದು.

ಯಾವ ದಾರಿ ಹಿಡಿದರೂ ಮರೆಯಬಾರದ್ದು

ಗೂಗಲ್ ಮ್ಯಾಪ್ ನೋಡಿ ಇಲ್ಲಿಗೆ ನಕಲು ಮಾಡುವಂತಿಲ್ಲ. ಅದು ಲೈಸೆನ್ಸ್ ಉಲ್ಲಂಘನೆ, ಗೊತ್ತಾದರೆ ಅಳಿಸಿಹಾಕುತ್ತಾರೆ. ಸ್ವತಃ ನೋಡಿ ಗೊತ್ತಿರೋದು ಅಥವಾ ಎಡಿಟರ್ ಒಳಗೇ ಕೊಟ್ಟಿರುವ ಉಪಗ್ರಹ ಚಿತ್ರದಲ್ಲಿ ಕಾಣೋದು ಮಾತ್ರ ಹಾಕಬೇಕು.

ಕನ್ನಡ ಹೆಸರು ಹಾಕುವಾಗ ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಡಿಟಿಪಿ ಅಂಗಡಿಗಳಲ್ಲಿ ಬೋರ್ಡ್, ಪಾಂಪ್ಲೆಟ್‌ಗೆ ಬಳಸುವ ಹಳೆ ನುಡಿ ಫಾಂಟಿನ ಅಕ್ಷರ ಕಾಪಿ ಮಾಡಿ ಇಲ್ಲಿ ಹಾಕಿದರೆ ನಕ್ಷೆಯಲ್ಲಿ ಅರ್ಥವಿಲ್ಲದ ಗುರುತುಗಳು ಮೂಡ್ತವೆ. ಮೊಬೈಲ್ ಕೀಬೋರ್ಡಿನ ಕನ್ನಡ ಯೂನಿಕೋಡೇ ಆಗಿರೋದರಿಂದ ಅದರಲ್ಲಿ ಟೈಪ್ ಮಾಡಿ ತಮಗೇ ಕಳಿಸಿಕೊಂಡರೂ ಆಯ್ತು.

ಈಗ ಇರುವ ಹೆಸರು, ಜನ ಹೇಳುವ ಹಳೆ ಗುರುತು ಎರಡನ್ನೂ ಕಲಸಬಾರದು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಜನ ಇನ್ನೂ ಅದನ್ನೇ ಗುರುತು ಹೇಳ್ತಾರೆ. ನಕ್ಷೆಯಲ್ಲಿ ಹಳೆ ಹೆಸರಿಗೆ ಬೇರೆ ಕಾಲಂ ಇದೆ. ನಡೀತಿರೋ ಕಾರ್ಖಾನೆ ಅಂತ ತೋರಿಸೋದು ಬೇಡ, ಹೆಸರು ಅಳಿಸಿಹಾಕೋದೂ ಬೇಡ.

ಹೊಸಬರು ಹೆದ್ದಾರಿ, ರೈಲ್ವೆ ಹಳಿ, ತಾಲ್ಲೂಕು ಗಡಿ ಗೆರೆಗಳನ್ನು ಮುಟ್ಟದಿರೋದು ಕ್ಷೇಮ. ಒಂದು ಬಿಂದು ಕೈ ತಪ್ಪಿ ಎಳೆದರೆ ಉದ್ದಕ್ಕೂ ಎಡವಟ್ಟು. ಹಾಗೆ ಆದರೂ ಗಾಬರಿ ಬೇಡ, ಯಾರು ಯಾವಾಗ ಏನು ಬದಲಿಸಿದರು ಅನ್ನೋ ದಾಖಲೆ ಇರುತ್ತೆ, ಹಿಂದಕ್ಕೆ ತರಬಹುದು.

ಇನ್ನೊಂದು ಮಾತು ಜಮೀನಿನವರಿಗೆ. ಈ ನಕ್ಷೆಯಲ್ಲಿ ಹೊಲದ ಬದು ಎಳೆದಿದ್ದಾರೆ ಅಂದ ಮಾತ್ರಕ್ಕೆ ಅದು ದಾಖಲೆ ಆಗಲ್ಲ. ಸರ್ವೆ ನಂಬರ್ ನೋಡೋಕೆ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇದೆ, ಗಡಿ ತಕರಾರಿಗೆ ಸರ್ವೆಯವರ ಹದ್ದುಬಸ್ತೇ ಆಗಬೇಕು.

ಮೊದಲ ಕೆಲಸ ಯಾವುದು?

ಬ್ರೌಸರ್‌ನಲ್ಲಿ ತಿದ್ದಿದರೂ, ಜೋಸಂನಲ್ಲಿ ತಿದ್ದಿದರೂ ಮಾಹಿತಿ ಹೋಗಿ ಸೇರೋದು ಒಂದೇ ಕಡೆ. ಹಾಗಾಗಿ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳೋ ಅಗತ್ಯ ಇಲ್ಲ. ಐಡಿಯಲ್ಲಿ ಕೈ ಕೂರಿಸಿಕೊಂಡು, ಅದು ಸಾಲದು ಅನ್ನಿಸಿದಾಗ ಜೋಸಂಗೆ ಹೋಗೋದು ಸರಿಯಾದ ಕ್ರಮ. ಕಾಲೇಜು ಹುಡುಗರು ಜೋಸಂನಲ್ಲಿ ಬೀದಿಗಳನ್ನು ಬರೆದರೆ, ಅಂಗಡಿಯವರು ತಮ್ಮ ಬಾಗಿಲಲ್ಲೇ ನಿಂತು ಮೊಬೈಲ್‌ನಲ್ಲಿ ಹೆಸರು ತುಂಬಬಹುದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರದು ಕೂಡುತ್ತೆ.

ಬಾತಿಯವರು ಮೊದಲು ನೋಡಬೇಕಾದ್ದು ಮೂರು. ಹಳೇಬಾತಿ, ದೊಡ್ಡಬಾತಿ ಎರಡೂ ಹೆಸರು ತಮ್ಮ ತಮ್ಮ ಜಾಗದಲ್ಲಿ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಇವೆಯಾ? ಪಿ.ಬಿ. ರಸ್ತೆಯಿಂದ ಊರೊಳಗೆ ತಿರುಗುವ ದಾರಿಗಳು ನಿಜವಾಗಿ ಕೂಡಿವೆಯಾ? ಶಾಲೆ, ಔಷಧಿ ಅಂಗಡಿಗಳ ಗುರುತು ಇದೆಯಾ? ಇದಿಷ್ಟನ್ನು ಗೊತ್ತಿರುವವರು ಊರಲ್ಲೇ ಇದ್ದಾರೆ. ಬೆಂಗಳೂರಿನಲ್ಲೋ ಬೇರೆ ದೇಶದಲ್ಲೋ ಕೂತು ಉಪಗ್ರಹ ಚಿತ್ರ ನೋಡಿ ಗೆರೆ ಎಳೆಯುವವರಿಗೆ ರಸ್ತೆ ಕಾಣುತ್ತೆ, ಕೆರೆ ಕಾಣುತ್ತೆ. ಯಾವುದು ಹಳೇಬಾತಿ, ಯಾವುದು ದೊಡ್ಡಬಾತಿ ಅಂತ ಮೇಲಿನಿಂದ ಕಾಣಲ್ಲ. ಅದನ್ನು ಬರೆಯಬೇಕಾದವರು ಇಲ್ಲಿಯವರೇ.